ಚೀಲದಲ್ಲಿ ತಂದ ಬಿಳಿ ನೊಣ

ಕೃಷಿ ಇಲಾಖೆಗೆ ಹೊಸದಾಗಿ ಸೇರಿದವರು ಈಗಲೂ ಆಗಾಗ ನನಗೆ ಫೋನ್ ಮಾಡುತ್ತಾರೆ. ‘ಸರ್, ಸೋಯಾಬೀನ್ ಎಲಿ ಹಳದಿ ಆಗ್ಯಾವ, ಫೋಟೋ ಕಳಿಸೀನಿ, ರೈತರಿಗೆ ಏನ್ ಹೇಳ್ಲಿ?’ ಎಂದು ಕೇಳುತ್ತಾರೆ. ಕಲಘಟಗಿ, ಕುಂದಗೋಳ, ನವಲಗುಂದ ತಾಲ್ಲೂಕುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬೂಟು ಸವೆಸಿದವನಿಗೆ ಎಲ್ಲ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ನನಗೆ ಗೊತ್ತಿರುವುದರಲ್ಲಿ ಅರ್ಧ ನಾನು ಕೆಡಿಸಿದ ಹೊಲಗಳಲ್ಲಿ ಕಲಿತದ್ದು. ಅದನ್ನು ಅವರಿಗೆ ಹೇಳಿರಲಿಲ್ಲ.

ಯಾವಾಗ ಬಡ್ತಿ ಸಿಕ್ಕಿತು, ಎಲ್ಲಿಂದ ಎಲ್ಲಿಗೆ ವರ್ಗವಾಯಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಸರ್ವಿಸ್ ರಿಜಿಸ್ಟರಿನಲ್ಲಿದೆ, ಓದಿದವರಿಗೆ ನಿದ್ದೆ ಬರುತ್ತದೆ. ರಿಜಿಸ್ಟರಿನಲ್ಲಿ ಇಲ್ಲದ ಒಂದು ವಿಷಯ ಬರೆಯಬೇಕಾಗಿದೆ. ನಾಚಿಕೆಯಾಗುತ್ತದೆ. ಆದರೂ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಇದನ್ನು ನನ್ನ ಬಾಯಿಂದಲೇ ಕೇಳಬೇಕು.

ಸೋಯಾಬೀನ್ ನಮ್ಮ ಕಡೆ ಹೊಸ ಬೆಳೆ. ನಾನು ಕೆಲಸಕ್ಕೆ ಸೇರಿದಾಗ ಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿಯ ರೋಗಗಳೆಲ್ಲ ನಮಗೆ ಬಾಯಿಪಾಠವಾಗಿದ್ದವು. ಸೋಯಾಬೀನ್ ಬಂದಾಗ ಅದು ರೈತನಿಗೂ ಹೊಸದು, ನಮಗೂ ಹೊಸದು. ವ್ಯತ್ಯಾಸ ಇಷ್ಟೇ: ರೈತ ‘ನನಗ ಗೊತ್ತಿಲ್ಲ’ ಅನ್ನಬಹುದಿತ್ತು, ನಾವು ಅನ್ನುವಂತಿರಲಿಲ್ಲ. ಧಾರವಾಡದಲ್ಲಿ ನಮಗೆ ಎರಡು ದಿನ ತರಬೇತಿ ಕೊಟ್ಟರು. ಹಳದಿ ನಂಜು ರೋಗ ಅಂತ ಒಂದಿದೆ, ಅದನ್ನು ಬಿಳಿ ನೊಣ ಗಿಡದಿಂದ ಗಿಡಕ್ಕೆ ಒಯ್ಯುತ್ತದೆ, ನಂಜು ಹೊಕ್ಕ ಗಿಡಕ್ಕೆ ಔಷಧಿ ಇಲ್ಲ, ಕಂಡ ಕೂಡಲೇ ಕಿತ್ತು ಹೂಳಬೇಕು ಎಂದರು. ಗೋಡೆಯ ಮೇಲೆ ಬಣ್ಣ ಮಾಸಿದ ಒಂದು ಚಿತ್ರ ತೋರಿಸಿದರು. ಊಟದ ನಂತರದ ಪಾಠ, ನನಗೆ ಅರ್ಧ ತೂಕಡಿಕೆ.

ಅದೇ ವರ್ಷ ದೇವಿಕೊಪ್ಪದ ಈರಪ್ಪಜ್ಜ ಎಂಬ ರೈತ ನನ್ನನ್ನು ಹೊಲಕ್ಕೆ ಕರೆದೊಯ್ದ. ಹೊಲದ ತಗ್ಗಿನಲ್ಲಿ ಗಿಡಗಳೆಲ್ಲ ಹಳದಿಯಾಗಿದ್ದವು. ಬದುವಿನ ಮೇಲೆ ನಿಂತೇ ‘ಇದು ನಂಜು ಅಜ್ಜಾ, ಎಲ್ಲಾ ಕಿತ್ತು ಹುಗದ ಬಿಡ್ರಿ’ ಎಂದೆ. ಕೆಳಗೆ ಇಳಿದು ಒಂದು ಎಲೆ ಮಗುಚಿ ನೋಡಲಿಲ್ಲ. ಅಜ್ಜ ನನ್ನ ಮಾತು ನಂಬಿ ಮನೆಯವರನ್ನೆಲ್ಲ ಕರೆದು ತಗ್ಗಿನ ಗಿಡ ಅಷ್ಟನ್ನೂ ಕಿತ್ತ. ವಾರದ ಮೇಲೆ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರು ಬಂದು, ತಗ್ಗಿನಲ್ಲಿ ಮಳೆನೀರು ನಿಂತು ಬೇರು ಉಸಿರುಗಟ್ಟಿದ್ದಕ್ಕೆ ಎಲೆ ಹಳದಿಯಾಗಿದೆ, ನೀರು ಬಸಿದು ಹೋಗಿದ್ದರೆ ತಾನೇ ಹಸಿರಾಗುತ್ತಿತ್ತು ಎಂದರು. ಈರಪ್ಪಜ್ಜ ನನ್ನ ಕಡೆ ತಿರುಗಿ ಕೇಳಿದ: ‘ಸಾಹೇಬ್ರ, ಕಿತ್ತದ್ದನ್ನ ತಿರುಗಿ ಹಚ್ಚಾಕ ಬರತೈತೇನ್ರಿ?’ ಅವನು ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಏನಾದರೂ ಉಪಾಯ ಇರಬಹುದು ಎಂದು ಕೇಳಿದ್ದು. ಆ ಪ್ರಶ್ನೆ ಬಹಳ ದಿನ ನನ್ನ ಬೆನ್ನು ಬಿಡಲಿಲ್ಲ.

ಆಮೇಲೆ ಹೊಲ ಹೊಲ ಅಲೆದು ನೋಡಿ ಕಲಿತೆ. ನೀರು ನಿಂತದ್ದಾದರೆ ತಗ್ಗಿಗೆ ತಗ್ಗೇ ಒಂದೇ ಸಮನೆ ಹಳದಿಯಾಗುತ್ತದೆ. ನಂಜಾದರೆ ಇಲ್ಲೊಂದು ಗಿಡ, ಅಲ್ಲೊಂದು ಗಿಡ. ಒಂದೇ ಎಲೆಯಲ್ಲಿ ಹಸಿರು ಹಳದಿ ಕಲಸಿ ಚೆಲ್ಲಿದ ಹಾಗೆ ಇರುತ್ತದೆ. ಎಲೆ ಮಗುಚಿದರೆ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ನೊಣಗಳು. ಇದನ್ನು ಚಿತ್ರದಲ್ಲಿ ತೋರಿಸಿದರೆ ಯಾರಿಗೂ ತಿಳಿಯುವುದಿಲ್ಲ, ನಿಜವಾದ ಗಿಡವನ್ನೇ ರೈತರ ಕೈಗೆ ಕೊಡಬೇಕು ಎಂದು ತೀರ್ಮಾನಿಸಿದೆ. ನವಲಗುಂದದ ಹಳೆಯ ಜಮಖಾನೆಯೊಂದು ಮನೆಯಲ್ಲಿ ಹರಿದು ಬಿದ್ದಿತ್ತು. ನನ್ನ ಹೆಂಡತಿ ಅದನ್ನು ಕತ್ತರಿಸಿ ಉದ್ದನೆಯ ಒಂದು ಚೀಲ ಹೊಲಿದುಕೊಟ್ಟಳು. ರೋಗ ಬಂದ ಗಿಡಗಳನ್ನು ಬೇರುಸಹಿತ ಕಿತ್ತು ಅದರಲ್ಲಿ ಇಟ್ಟು, ತುದಿ ಹೊರಗೆ ಕಾಣುವ ಹಾಗೆ ಬೈಕಿಗೆ ಕಟ್ಟಿಕೊಂಡು ಊರೂರಿಗೆ ಒಯ್ಯುತ್ತಿದ್ದೆ. ಜನ ನನ್ನನ್ನು ‘ಚೀಲದ ಸಾಹೇಬ್ರು’ ಎಂದು ಕರೆಯತೊಡಗಿದರು. ನನಗೆ ಅದು ಬಿರುದು ಕೊಟ್ಟಷ್ಟು ಖುಷಿ.

ನೊಣ ಹರಡುವ ರೋಗ ಎಂದು ಊರಿಗೆಲ್ಲ ಪಾಠ ಹೇಳುವ ಮನುಷ್ಯ ಆ ನೊಣ ಕೂತ ಗಿಡವನ್ನು ಬಾಯಿ ಕಟ್ಟದ ಚೀಲದಲ್ಲಿ ಹೊತ್ತು ತಿರುಗುತ್ತಿದ್ದ. ಅಷ್ಟು ವರ್ಷ ಇದು ನನ್ನ ತಲೆಗೆ ಹೊಳೆಯಲಿಲ್ಲ. ಮೇಲಧಿಕಾರಿಗಳಿಗೂ ಹೊಳೆಯಲಿಲ್ಲ, ಸಭೆಯಲ್ಲಿ ಎಲ್ಲರೆದುರು ಹೊಗಳಿದರು.

ಈಗ ಆ ಊರಿನ ಕಥೆಗೆ ಬರುತ್ತೇನೆ. ಕುಂದಗೋಳ ತಾಲ್ಲೂಕು, ಯರಗುಪ್ಪಿಯಿಂದ ಆಚೆ ಕಪ್ಪು ಎರಿ ಭೂಮಿಯ ಸಣ್ಣ ಊರು. ಹೆಸರು ಬರೆಯುವುದಿಲ್ಲ. ಅಲ್ಲಿ ಫಕ್ಕೀರವ್ವ ಎಂಬ ಹೆಣ್ಣುಮಗಳ ಹೊಲ ರಸ್ತೆಗೆ ಹತ್ತಿಕೊಂಡಿತ್ತು. ಗಂಡ ನಿಂಗಪ್ಪನಿಗೆ ಎತ್ತು ಮತ್ತು ಎಲೆಅಡಿಕೆ ಬಿಟ್ಟರೆ ಬೇರೆ ಲೋಕವಿರಲಿಲ್ಲ, ಹೊಲದ ಕಾರಭಾರವೆಲ್ಲ ಅವಳದೇ. ಹೊಲಗಳಲ್ಲಿ ಕಳೆ ಕಿತ್ತು ಕಸ ತೆಗೆಯಲು ಹೋಗುವ ಹೆಂಗಸರ ಗುಂಪಿಗೂ ಅವಳೇ ಮುಂದಾಳು. ಅವಳು ‘ಹೋಗೂಣು ನಡೀರೆ’ ಅಂದರೆ ಹದಿನೈದು ಮಂದಿ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಇಲಾಖೆಯ ಸೋಯಾಬೀನ್ ಪ್ರಾತ್ಯಕ್ಷಿಕೆಗೆ ನಾನು ಅವಳ ಹೊಲವನ್ನೇ ಆರಿಸಿದೆ. ಬೀಜ ಕೊಟ್ಟೆವು, ಬೋರ್ಡು ನೆಟ್ಟೆವು.

ಆ ಊರಿನಲ್ಲಿ ಮಳೆಗಾಲದಲ್ಲಿ ಐದು ವಾರ ಹಿಡಿಯುತ್ತಾರೆ. ಅಂದರೆ ಸಾಲಾಗಿ ಐದು ಮಂಗಳವಾರ ಯಾರೂ ಎತ್ತು ಹೂಡುವುದಿಲ್ಲ, ಹೊಲದಲ್ಲಿ ಕೈ ಆಡಿಸುವುದಿಲ್ಲ, ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ. ಐದನೆಯ ಮಂಗಳವಾರ ಐವರು ಮುತ್ತೈದೆಯರು ದ್ಯಾಮವ್ವನ ಗುಡಿಯಿಂದ ಉಡಿ, ಅಂದರೆ ದೇವಿಗೆ ಏರಿಸಿದ ಅಕ್ಕಿ, ಕೊಬ್ಬರಿ, ಕುಪ್ಪಸದ ಗಂಟು, ಹೊತ್ತು ಊರ ಸೀಮೆಯ ಕಲ್ಲಿನವರೆಗೆ ನಡೆಯುತ್ತಾರೆ. ಊರಿನ ರೋಗರುಜಿನ ಸೀಮೆಯಾಚೆ ಹೋಗಲಿ ಎಂದು. ಮುತ್ತೈದೆಯಲ್ಲದವಳು ಆ ಸಾಲಿನಲ್ಲಿ ಕಾಲಿಡುವಂತಿಲ್ಲ. ಆ ಐವರಲ್ಲಿ ಫಕ್ಕೀರವ್ವನೂ ಒಬ್ಬಳು. ಅವಳಿಗಿಂತ ಮುಂಚೆ ಅವಳ ಅತ್ತೆ ಹೊತ್ತಿದ್ದಳಂತೆ. ಮನೆತನಕ್ಕೆ ಸಿಕ್ಕ ಆ ಮಾನದ ಬಗ್ಗೆ ಅವಳಿಗೆ ಬಹಳ ಹೆಮ್ಮೆಯಿತ್ತು. ಹೊಲ ನೋಡಲು ಹೋದಾಗಲೂ ಒಂದು ಸಲ ಆ ಮಾತು ಬಾರದೆ ಇರುತ್ತಿರಲಿಲ್ಲ.

ಬೆಳೆ ಒಂದು ತಿಂಗಳಿನದಾದಾಗ ಅವಳ ಹೊಲದ ಬದುವಿನ ಮೇಲೆ ರೈತರ ಪಾಠ ಇಟ್ಟುಕೊಂಡೆ. ಆ ವರ್ಷ ಆ ಊರಿನಲ್ಲಿ ರೋಗದ ಸುಳಿವೇ ಇರಲಿಲ್ಲ. ಹಾಗಾಗಿ ತೋರಿಸಲು ಗಿಡ ಇಲ್ಲ. ನಾನು ಮುಂಜಾನೆ ದುಮ್ಮವಾಡದ ಕಡೆ ಹೋಗಿ, ರೋಗ ಹತ್ತಿದ ಹೊಲವೊಂದರಿಂದ ಏಳೆಂಟು ಗಿಡ ಕಿತ್ತು ಚೀಲಕ್ಕೆ ಹಾಕಿಕೊಂಡು, ಅಷ್ಟು ದೂರದಿಂದ ಬೈಕಿನ ಮೇಲೆ ಬಂದೆ. ಊರಿನ ಗಂಡಸರು ಹೆಂಗಸರು ಸಾಕಷ್ಟು ಸೇರಿದ್ದರು. ಚೀಲದಿಂದ ಒಂದು ಗಿಡ ಹಿರಿದು ಎತ್ತಿ ಹಿಡಿದೆ.

‘ಇದ ನೋಡ್ರಿ ಹಳದಿ ನಂಜು. ಇನ್ನ ಇದನ್ನ ತರೋ ಕಳ್ಳರನ್ನ ತೋರಿಸ್ತೀನಿ’ ಎಂದು ಗಿಡವನ್ನು ಜೋರಾಗಿ ಕೊಡವಿದೆ. ಹಿಟ್ಟು ಕೊಡವಿದ ಹಾಗೆ ಬಿಳಿ ನೊಣಗಳ ಒಂದು ಪುಂಜ ಮೇಲೆದ್ದಿತು. ‘ಇವ ನೋಡ್ರಿ ಬಿಳಿ ನೊಣ!’

ಜನ ಚಪ್ಪಾಳೆ ಹೊಡೆದರು. ‘ಸಾಹೇಬ್ರು ಖರೇನ ನೊಣಾ ಹಿಡಕೊಂಡ ಬಂದಾರಲೇ!’ ಎಂದು ಯಾರೋ ಕೂಗಿದರು. ನಾನು ಹಿಗ್ಗಿ ಇನ್ನೊಂದು ಗಿಡ ಕೊಡವಿದೆ.

ಫಕ್ಕೀರವ್ವ ಮಾತ್ರ ಗಾಳಿಯ ಕಡೆ ನೋಡುತ್ತ, ‘ಅವು ಹಾರಿ ಎಲ್ಲಿ ಹೋದ್ವು ಸಾಹೇಬ್ರ?’ ಎಂದು ಕೇಳಿದಳು.

‘ಎಲ್ಲೋ ಹೋದ್ವು ಬೇ. ಅವಕ್ಕೇನ್ ಊರು ಮನಿ ಐತೇನು?’ ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆವತ್ತು ಅಲ್ಲಿ ಸೇರಿದವರಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ, ನಾನು ಅದನ್ನು ನಗೆಯಲ್ಲಿ ಹಾರಿಸಿದೆ. ಪಾಠ ಮುಗಿದ ಮೇಲೆ ಗಿಡಗಳನ್ನು ಅಲ್ಲೇ ಬದುವಿನ ಮೇಲೆ ಒಗೆದು, ಅವರು ಕೊಟ್ಟ ಚುರುಮುರಿ ತಿಂದು, ಚಹಾ ಕುಡಿದು ಬಂದೆ.

ಸುಮಾರು ಇಪ್ಪತ್ತು ದಿನದ ಮೇಲೆ, ಒಂದು ಸೋಮವಾರ, ಅವಳ ಫೋನ್ ಬಂತು. ಸಂಜೆ ಹೋದೆ. ನಾನು ಗಿಡ ಕೊಡವಿದ ಜಾಗದ ಎದುರಿಗೇ, ಬದುವಿನಿಂದ ನಾಲ್ಕು ಸಾಲಿನೊಳಗೆ, ಹತ್ತು ಹನ್ನೆರಡು ಗಿಡ ಹಳದಿಯಾಗಿದ್ದವು. ಹೊಲದ ಉಳಿದ ಕಡೆ ಒಂದೂ ಇರಲಿಲ್ಲ.

‘ಅವತ್ತ ನೀವು ತೋರಿಸಿದ್ರಲ್ಲ, ಅಗದಿ ಹಂಗ ಐತ್ರಿ’ ಎಂದಳು.

ನನಗೆ ಆ ಕ್ಷಣಕ್ಕೇ ತಿಳಿಯಿತು. ತಿಳಿಯಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳಲಾರೆ. ಆದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ಅವಳ ಹೊಲವಲ್ಲ, ಬುಧವಾರ. ಬುಧವಾರ ನಮ್ಮ ಹೊಸ ಸಾಹೇಬರು ಪ್ರಾತ್ಯಕ್ಷಿಕೆ ನೋಡಲು ಬರುವವರಿದ್ದರು. ಮೊದಲಿನ ಸಾಹೇಬರು ಡೈರಿ ನೋಡುತ್ತಿದ್ದರು, ಡೈರಿಯಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. ಇವರು ಮೊಬೈಲ್ ಕಾಲದವರು, ಬೋರ್ಡು ಮತ್ತು ಬೆಳೆ ಒಂದೇ ಫೋಟೋದಲ್ಲಿ ಬರಬೇಕು, ಹಿಂದೆ ಹಸಿರು ಇರಬೇಕು. ಬೋರ್ಡಿನ ಪಕ್ಕದಲ್ಲೇ ಹಳದಿ ಗಿಡ ನಿಂತಿದ್ದವು.

‘ನಾಳಿ ಮುಂಜಾನೆದ್ದು ಇವನ್ನೆಲ್ಲಾ ಕಿತ್ತು ಹುಗದ ಬಿಡು’ ಎಂದೆ.

‘ನಾಳಿ ಮೂರನೇ ವಾರ ಐತಲ್ರಿ. ಹೊಲಕ್ಕ ಕಾಲಿಡಂಗಿಲ್ಲ. ಬುಧವಾರ ಹೊತ್ತೇರೂದ್ರೊಳಗ ಕಿತ್ರ ನಡಿಯಂಗಿಲ್ಲೇನ್ರಿ?’

ನಡೆಯುತ್ತಿತ್ತು. ಒಂದು ದಿನದಲ್ಲಿ ಏನೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ನೊಣ ಆಗಲೇ ಹಾರಿಹೋಗಿದ್ದವು. ಆದರೆ ಸಾಹೇಬರು ಬುಧವಾರ ಎಷ್ಟು ಹೊತ್ತಿಗೆ ಬರುತ್ತಾರೋ ಯಾರಿಗೆ ಗೊತ್ತು? ‘ಬಿಳಿ ನೊಣ ವಾರ ಹಿಡಿತೈತೇನು ಬೇ? ಒಂದ ದಿನಾ ತಡದಿ ಅಂದ್ರ ಹೊಲಾ ಪೂರಾ ಹೋತು ನೋಡು’ ಎಂದು ಹೆದರಿಸಿದೆ. ಅವಳ ಮುಖ ಸಣ್ಣದಾಯಿತು. ನಾನೇ ಬಗ್ಗಿ ಹನ್ನೆರಡು ಗಿಡ ಕೀಳಬಹುದಿತ್ತು. ಇನ್ನೂ ಬೆಳಕಿತ್ತು. ಮಳೆ ಬಂದು ಎರಿ ಮಣ್ಣು ಜಿಗುಟಾಗಿತ್ತು, ನನ್ನದು ಇಸ್ತ್ರಿ ಮಾಡಿದ ಪ್ಯಾಂಟು. ಕಾರಣ ಅಷ್ಟೇ.

ಅವಳು ಮಂಗಳವಾರ ಮುಂಜಾನೆ ಒಬ್ಬಳೇ ಹೋಗಿ ಕಿತ್ತಳು. ಬುಧವಾರ ಸಾಹೇಬರು ಬಂದರು, ಫೋಟೋ ತೆಗೆದರು, ಹಸಿರು ಚೆನ್ನಾಗಿ ಬಂದಿದೆ ಎಂದರು. ಫಕ್ಕೀರವ್ವ ಅವರಿಗೆ ಮಜ್ಜಿಗೆ ಕೊಟ್ಟಳು. ಹಿಂದಿನ ದಿನ ಹೊಲದಲ್ಲಿ ಕೈ ಹಾಕಿದ್ದೇನೆ ಎಂಬ ಅಳುಕು ಅವಳ ಕಣ್ಣಲ್ಲಿ ಕಾಣುತ್ತಿತ್ತು. ನಾನು ನೋಡಿದರೂ ನೋಡದವನ ಹಾಗಿದ್ದೆ.

ಮುಂದಿನ ಎರಡು ವಾರದಲ್ಲಿ ರೋಗ ಅವಳ ಹೊಲದಿಂದ ಪಕ್ಕದ ಹೊಲಕ್ಕೆ, ಅಲ್ಲಿಂದ ಆಚೆಗೆ ಹೋಯಿತು. ಗಾಳಿ ಬೀಸಿದ ಕಡೆಗೆಲ್ಲ ಹಳದಿ. ಅಂಗಡಿಯವರು ಹೇಳಿದ ಕೀಟನಾಶಕ ಎಣ್ಣೆಯನ್ನೆಲ್ಲ ರೈತರು ಹೊಡೆದರು. ನಂಜು ಹೊಕ್ಕ ಗಿಡಕ್ಕೆ ಎಣ್ಣೆ ಏನು ಮಾಡೀತು? ಕಾಯಿ ಹಿಡಿಯಬೇಕಾದ ಗಿಡ ಮುರುಟಿಕೊಂಡು ನಿಂತವು. ಐದನೆಯ ವಾರಕ್ಕೆ ಇನ್ನು ಎರಡು ದಿನ ಇದೆ ಎನ್ನುವಾಗ ಊರ ಹಿರಿಯರು ದ್ಯಾಮವ್ವನ ಗುಡಿಯ ಕಟ್ಟೆಯ ಮೇಲೆ ಕೂಡಿದರು. ನನಗೂ ಹೇಳಿಕಳಿಸಿದ್ದರು.

ಹಿರಿಯ ವೀರಪ್ಪ ಕಾಕಾ ಕೇಳಿದ: ‘ಸಾಹೇಬ್ರ, ಈ ರೋಗ ಎಲ್ಲಿಂದ ಬಂತು, ನೀವ ಹೇಳ್ರಿ.’

‘ಬಿಳಿ ನೊಣದಿಂದ ಬಂತ್ರಿ.’

‘ನೊಣಾ ಎಲ್ಲಿಂದ ಬಂತು?’

‘ಗಾಳಿಗೆ ಬರತೈತ್ರಿ.’

‘ಗಾಳಿ ವರ್ಷಾ ಬೀಸತೈತಿ. ಈ ವರ್ಷನ ಯಾಕ ಬಂತು?’

ಆಗ ಹಿಂದಿನಿಂದ ಒಬ್ಬ ಎದ್ದು, ‘ಮೂರನೇ ವಾರ ಫಕ್ಕೀರವ್ವ ಹೊಲದಾಗ ಬಗ್ಗಿದ್ದನ್ನ ನಾನ ಕಣ್ಣಾರೆ ನೋಡೇನಿ. ರೋಗ ಮೊದಲ ಕಾಣಿಸಿಕೊಂಡಿದ್ದೂ ಅಕೀ ಹೊಲದಾಗನ’ ಎಂದ. ಗುಡಿಯ ಕಂಬದ ಹತ್ತಿರ ಹೆಂಗಸರ ನಡುವೆ ಅವಳು ನಿಂತಿದ್ದಳು.

‘ಹೌದೇನವಾ?’ ಕಾಕಾ ಕೇಳಿದ.

‘ಹೌದ್ರಿ.’

‘ಯಾಕ ಹೋಗಿದ್ದಿ?’

ಅವಳು ನನ್ನ ಕಡೆ ನೋಡಿದಳು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನೋಡಿದಳು. ಅಷ್ಟರಲ್ಲಿ ನಾನು ಏನು ಮಾಡಿದೆ ಎಂಬುದನ್ನು ಬರೆಯಲೇಬೇಕು. ಜೇಬಿನಿಂದ ಮೊಬೈಲು ತೆಗೆದು, ಬಾರದ ಫೋನಿಗೆ ‘ಹಲೋ, ಹೇಳ್ರಿ ಸರ್’ ಎನ್ನುತ್ತ ಎದ್ದು ಬೇವಿನ ಗಿಡದ ಕಡೆ ನಡೆದೆ. ಬೆನ್ನ ಹಿಂದೆ ಅವಳ ದನಿ ಕೇಳಿಸಿತು: ‘ತಪ್ಪಾತ್ರಿ.’ ನನ್ನ ಹೆಸರು ಹೇಳಲಿಲ್ಲ.

ಐದನೆಯ ವಾರ ಅವಳನ್ನು ಬಿಟ್ಟು ಬೇರೊಬ್ಬಳಿಂದ ಉಡಿ ಹೊರಿಸಿದರು. ಕಸ ತೆಗೆಯುವ ಹೆಂಗಸರು ಬೇರೆ ಗುಂಪು ಮಾಡಿಕೊಂಡರು. ಮುಂದಿನ ವರ್ಷ ಆ ರಸ್ತೆಯಲ್ಲಿ ಹೋಗುವಾಗ ಅವಳು ಮತ್ತು ನಿಂಗಪ್ಪ ಇಬ್ಬರೇ ಅಷ್ಟು ಹೊಲದಲ್ಲಿ ಕಸ ತೆಗೆಯುವುದು ಕಾಣಿಸಿತು. ನಾನು ಬೈಕು ನಿಲ್ಲಿಸಲಿಲ್ಲ. ಹವಾಮಾನ ವೈಪರೀತ್ಯದಿಂದ ಬಿಳಿ ನೊಣದ ಬಾಧೆ ಹೆಚ್ಚಿತು ಎಂದು ವರದಿ ಬರೆದು ಕಳಿಸಿದ್ದೆ. ಗಾಳಿಗೂ ಬಂದಿರಬಹುದು, ಯಾರು ಕಂಡವರು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬದುವಿನ ಎದುರಿನ ಆ ನಾಲ್ಕು ಸಾಲು ನೆನಪಾದಾಗೆಲ್ಲ ಆ ಮಾತು ನನಗೇ ಸುಳ್ಳೆನಿಸುತ್ತಿತ್ತು. ಅಷ್ಟರಲ್ಲಿ ನವಲಗುಂದಕ್ಕೆ ವರ್ಗವಾಯಿತು. ಪಾರಾದೆ ಎನ್ನಿಸಿತು. ಚೀಲವನ್ನು ಒಲೆಗೆ ಹಾಕಿ ಸುಟ್ಟೆ, ಯಾಕೆಂದು ಹೆಂಡತಿಗೂ ಹೇಳಲಿಲ್ಲ.

ನನ್ನ ಬೀಳ್ಕೊಡುಗೆಯ ದಿನ, ನನ್ನ ಕೈಕೆಳಗೆ ಮೊದಲು ಕೆಲಸ ಕಲಿತ ಒಬ್ಬ ಹೆಣ್ಣುಮಗಳು, ಈಗ ಅಧಿಕಾರಿ, ಮೈಕಿನ ಮುಂದೆ ಹೀಗೆ ಹೇಳಿದಳು: ‘ಸರ್‌ನ ಜನಾ ಚೀಲದ ಸಾಹೇಬ್ರು ಅಂತಿದ್ರಂತ. ಅದನ್ನ ಕೇಳೇ ನಾನೂ ರೋಗದ ಗಿಡಾ ಕಿತ್ತು ಚೀಲದಾಗ ಹಾಕ್ಕೊಂಡು ಊರೂರಿಗೆ ಒಯ್ದು ತೋರಿಸ್ತೀನಿ.’ ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಗಲ ಮೇಲೆ ಶಾಲು, ಕೊರಳಲ್ಲಿ ಮಾಲೆ, ಒಳಗೆ ನನ್ನ ಜೀವ ಹಿಡಿಯಷ್ಟಾಯಿತು. ಕಾರ್ಯಕ್ರಮ ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು, ಇನ್ನು ಮೇಲೆ ಗಿಡ ಒಯ್ಯಬೇಡ, ರೈತರನ್ನೇ ರೋಗ ಇದ್ದ ಹೊಲಕ್ಕೆ ಕರೆದುಕೊಂಡು ಹೋಗು, ಅದೂ ಬೇರೆ ಹೊಲಗಳನ್ನೆಲ್ಲ ನೋಡಿ ಮುಗಿಸಿ ಕಡೆಗೆ ಹೋಗು, ಎಲೆ ಒಯ್ಯಲೇಬೇಕಾದರೆ ಪುಸ್ತಕದೊಳಗೆ ಒತ್ತಿ ಪೂರ್ತಿ ಒಣಗಿಸಿ ಒಯ್ಯು ಎಂದೆ.

‘ಯಾಕ್ರಿ ಸರ್? ಏನರ ಆಗಿತ್ತೇನ್ರಿ?’

‘ಏನಿಲ್ಲವಾ, ಸುಮ್ನ ಹೇಳ್ದೆ’ ಎಂದೆ. ಕೆಲಸ ಹೋಗುವ ಭಯವೂ ಇಲ್ಲದ ದಿನ, ಮತ್ತೊಂದು ಸಲ ತಪ್ಪಿಸಿಕೊಂಡೆ. ಆ ಮೇಲೆ ಆ ಶಾಲು ನೋಡಿದರೆ ಸಾಕು, ಬೇವಿನ ಗಿಡ ನೆನಪಾಗುತ್ತಿತ್ತು.

ಮತ್ತೊಂದು ವರ್ಷ ಕಳೆದು, ಈ ಸಲದ ಬಿತ್ತನೆ ಮುಗಿದ ಮೇಲೆ ಆ ಊರಿಗೆ ಹೋದೆ. ಆ ಘಟನೆಯಾಗಿ ಒಂಬತ್ತು ವರ್ಷವಾಗಿತ್ತು. ಫಕ್ಕೀರವ್ವ ಬಾಗಿಲಲ್ಲಿ ಕೂತು ಕಾಳು ಹಸನ ಮಾಡುತ್ತಿದ್ದಳು. ಹಣೆ ಬರಿದಾಗಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ನಿಂಗಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ನನಗೆ ಗೊತ್ತಿರಲಿಲ್ಲ. ಬರಬಾರದಿತ್ತು ಎನ್ನಿಸಿತು, ಆದರೆ ಅವಳು ಆಗಲೇ ‘ಬರ್ರಿ ಸಾಹೇಬ್ರ, ಬಾಳ ವರ್ಷಾತು’ ಎಂದು ಎದ್ದಿದ್ದಳು. ಸೊಸೆ ರೇಣುಕಾ ಚಹಾ ತಂದಳು. ಮದುವೆಯಾಗಿ ನಾಲ್ಕು ವರ್ಷವಾದ ಗಟ್ಟಿಮುಟ್ಟಾದ ಹುಡುಗಿ.

ಚಹಾ ಆರಿತು. ನಾನು ಹೇಳಿದೆ. ದುಮ್ಮವಾಡದ ಗಿಡ, ಚೀಲ, ನಾಲ್ಕು ಸಾಲು, ಬುಧವಾರದ ಸಾಹೇಬರು, ಬಾರದ ಫೋನು, ಎಲ್ಲವನ್ನೂ. ಮೊದಲೆಲ್ಲ ಅವಳನ್ನು ‘ಬೇ’ ಎಂದು ಕರೆಯುತ್ತಿದ್ದ ನನ್ನ ಬಾಯಿಗೆ ಆವತ್ತು ‘ನೀವು’ ಬಿಟ್ಟರೆ ಬೇರೆ ಬರಲಿಲ್ಲ. ‘ರೋಗಾ ತಂದಾಂವ ನಾನ್ರಿ. ವಾರ ಮುರಿಸಿದಾಂವನೂ ನಾನ. ತಪ್ಪು ನಿಮ್ಮ ತಲಿ ಮ್ಯಾಲ ಹಾಕಿ ಕುಂತ್ನಿ’ ಎಂದೆ.

ಅವಳು ಮೊರದಲ್ಲಿದ್ದ ಕಾಳನ್ನು ಬೆರಳಿನಿಂದ ಸರಿಸುತ್ತಿದ್ದಳು. ‘ಹಾರಿ ಎಲ್ಲಿ ಹೋದ್ವು ಅಂತ ನಾ ಅವತ್ತ ಕೇಳಿದ್ನಲ್ರಿ’ ಎಂದಳು.

‘ಕೇಳಿದ್ರಿ.’

‘ಕಟ್ಟಿ ಮ್ಯಾಲ ನಿಮ್ಮನ್ನ ನೋಡಿದ್ನಿ. ನೀವಾಗೇ ಹೇಳ್ತೀರಿ ಅಂತ ಕಾದ್ನಿ. ಓದಿದ ಮಂದಿ, ಹೇಳ್ತಾರ ಅನಕೊಂಡಿದ್ನಿ.’ ಮೊರ ಕೆಳಗಿಟ್ಟು, ‘ಈಗ ಊರ ಮಂದಿ ಬಂದು ಕೈ ಮುಗದು ಕರದ್ರೂ ನಾ ಉಡಿ ಹೊರಾಕ ಬರಂಗಿಲ್ರಿ. ನಮ್ಮ ಮನಿಯವರು ಹೋಗಿಬಿಟ್ರು. ಮುತ್ತೈದಿ ಇದ್ದಾಗ ಬಂದಿದ್ರ ಬ್ಯಾರೆ ಮಾತಿತ್ತು’ ಎಂದಳು.

ನಾನು ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ಬಂತು. ಅದು ಬಂದದ್ದಕ್ಕೂ ನಾಚಿಕೆಯಾಯಿತು, ಅಳಬೇಕಾದವಳು ಅಳದೆ ಕೂತಿದ್ದಳು.

‘ನನಗ ಹೇಳಿದ್ರ ಏನ್ ಬಂತ್ರಿ?’ ಎಂದಳು. ‘ನಾಕ ವರ್ಷಾತು, ನನ್ನ ಸೊಸಿನ್ನ ಒಂದ ವರ್ಷನೂ ಉಡಿ ಹೊರಾಕ ಕರದಿಲ್ಲ. ವಾರ ಮುರದ ಮನಿ ಅಂತಾರ. ಕಟ್ಟಿ ಅಲ್ಲೇ ಐತಿ, ಮಂದಿ ಕುಂತಾರ. ಹೋಗಿ ಅಲ್ಲಿ ಹೇಳ್ರಿ.’

ಅವಳ ಮನೆಯಿಂದ ಕಟ್ಟೆಗೆ ಹತ್ತಿಪ್ಪತ್ತು ಮಾರು. ಕೆಲಸದಲ್ಲಿದ್ದಾಗ ಎಷ್ಟೋ ಮೈಲಿ ತಿರುಗಿದ್ದೆ, ಆದರೂ ಇಷ್ಟು ದೂರ ಯಾವತ್ತೂ ನಡೆದಿರಲಿಲ್ಲ ಎನ್ನಿಸಿತು. ವೀರಪ್ಪ ಕಾಕಾನಿಗೆ ಈಗ ಕಣ್ಣು ಮಂಜು, ಆದರೆ ದನಿಯಿಂದಲೇ ಗುರುತು ಹಿಡಿದ. ‘ಚೀಲದ ಸಾಹೇಬ್ರೇನ್ರಿ? ಬರ್ರಿ, ಕುಂದರ್ರಿ.’ ನಾನು ಕೂರಲಿಲ್ಲ. ನಿಂತೇ ಹೇಳಿದೆ. ಆರೇಳು ಜನ ಇದ್ದರು. ನಡುವೆ ಯಾರೂ ಬಾಯಿ ಹಾಕಲಿಲ್ಲ.

ಮುಗಿದ ಮೇಲೆ ಕಾಕಾ ಕೇಳಿದ: ‘ಚೀಲದ ಬಾಯಿ ಕಟ್ಟಿದ್ದಿಲ್ಲೇನ್ರಿ?’

‘ಇಲ್ರಿ.’

‘ನಮಗ ಎಲ್ಲಾರಿಗೂ ಪಾಠಾ ಮಾಡಿದ್ರಿ. ಗಿಡದ ಮ್ಯಾಗಿನ ನೊಣಾ ಹಾರತೈತಿ ಅಂತ ನಿಮಗ ತಿಳಿಲಿಲ್ಲೇನು?’

‘ತಿಳಿಲಿಲ್ರಿ. ತಿಳದಮ್ಯಾಲ ಹೇಳ್ಲಿಲ್ಲ.’

ಪಕ್ಕದಲ್ಲಿ ಕೂತವನೊಬ್ಬ ನೆಲ ನೋಡುತ್ತ, ‘ನಾವೂ ಅಲ್ಲೇ ಇದ್ವಿ ಕಾಕಾ. ನೊಣಾ ಹಾರಿದ್ದು ಕಣ್ಣಾರೆ ನೋಡಿದ್ವಿ. ಚಪ್ಪಾಳಿ ಹೊಡದ್ವಿ’ ಎಂದ. ಮೂರನೆಯ ವಾರ ಅವಳನ್ನು ಹೊಲದಲ್ಲಿ ನೋಡಿದೆ ಎಂದು ಎದ್ದು ಹೇಳಿದವನೇ ಅವನು. ಯಾರೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಕಾಕಾ ‘ಆತ್ರಿ, ಹೋಗಿ ಬರ್ರಿ’ ಎಂದಷ್ಟೇ ಹೇಳಿದ.

ಮನೆಗೆ ಬಂದ ದಿನವೇ ಬೀಳ್ಕೊಡುಗೆಯಲ್ಲಿ ಮಾತಾಡಿದ ಆ ಮಹಿಳಾ ಅಧಿಕಾರಿಗೆ ಫೋನ್ ಮಾಡಿ, ಗಿಡ ಯಾಕೆ ಒಯ್ಯಬಾರದು ಎಂದು ಈ ಸಲ ಪೂರ್ತಿ ಹೇಳಿದೆ. ಅವಳು, ನಾನು ಸುಮ್ಮನೆ ಹೇಳಿದ್ದೆಂದುಕೊಂಡು ಹೋದ ವರ್ಷವೂ ತಾನು ಯಾವ ಯಾವ ಊರಿಗೆ ಗಿಡ ಒಯ್ದಿದ್ದೆ ಎಂದು ಒಂದೊಂದೇ ಹೆಸರು ಹೇಳತೊಡಗಿದಳು. ಅಣ್ಣಿಗೇರಿ ಕಡೆಯವು ಎರಡು, ಕುಂದಗೋಳದವು ಮೂರು. ನಾನು ಕೇಳುತ್ತ ಕೂತೆ. ಆ ಊರುಗಳಿಗೆ ಅವಳು ಈ ವರ್ಷ ಹೋಗಿ ಹೇಳಿಬಂದಿದ್ದಾಳೆ. ನನಗಿಂತ ಅವಳೇ ಜಾಣೆ, ಒಂಬತ್ತು ವರ್ಷ ಕಾಯಲಿಲ್ಲ.

ಈ ಸಲದ ಐದನೆಯ ವಾರ ಕಳೆದ ಮರುದಿನ ಮುಂಜಾನೆ ಫಕ್ಕೀರವ್ವನ ಫೋನ್ ಬಂತು.

‘ನಮ್ಮ ರೇಣುಕಾನ್ನ ಕರದ್ರಿ ಸಾಹೇಬ್ರ. ನಿನ್ನಿ ಉಡಿ ಹೊತ್ತಳು.’

ನನಗೆ ಕುರ್ಚಿಯಿಂದ ಎದ್ದು ನಿಲ್ಲುವಷ್ಟು ಸಂತೋಷವಾಯಿತು. ‘ಭಾಳ ಚೊಲೋ ಆತ್ರಿ ಫಕ್ಕೀರವ್ವಾರ, ಭಾಳ ಚೊಲೋ ಆತು’ ಎಂದೆ.

‘ಹೂಂನ್ರಿ’ ಎಂದಳು. ‘ಉಡಿ ಹೊತ್ತು ಸೀಮಿ ತನಕ ಹ್ಯಾಂಗ ನಡೀಬೇಕು ಅಂತ ನಮ್ಮತ್ತಿ ನನ್ನ ಬಾಜು ನಡಕೋತ ಬಂದು ಕಲಿಸಿದ್ಳು. ನಾನೂ ಹಂಗ ಸೊಸಿ ಬಾಜು ನಡೀಬೇಕಿತ್ರಿ. ಬಾಗಲಾಗ ನಿಂತು ಬಾಯಿಲೇ ಹೇಳಿ ಕಳಿಸಿದ್ನಿ. ಊರ ಅಗಸಿ ದಾಟಿದ ಮ್ಯಾಲ ಕಾಣಲಿಲ್ಲ.’

ನಾನು ‘ಹೌದ್ರಿ’ ಎಂದೆ. ನಿಮ್ಮ ಕಡೆ ಮಳೆ ಹೇಗಿದೆ ಎಂದು ಅವಳೇ ಕೇಳಿದಳು.